ಓದುಗರ ಪ್ರಶ್ನೆ, ಡೆಟ್ರಾಯ್ಟ್ ಅಕ್ಕನ ಉತ್ತರ: ಐಸ್ ಮೇಲೆ ಬಿದ್ದ ಆಕ್ಟೋಪಸ್

ಹೋದ ತಿಂಗಳು ಉಪ್ಪಿನಕಾಯಿ ಪ್ರಶ್ನೆಯೊಂದಕ್ಕೆ ಉತ್ತರಿಸುವಾಗ 'ಶನಿವಾರ ಕಾಲೇಜು ಫುಟ್‌ಬಾಲ್, ಉಳಿದ ದಿನ ಐಸ್ ಹಾಕಿ, ಉಪ್ಪಿನಕಾಯಿ ಹಾಕೋಕೆ ಪುರುಸೊತ್ತೆಲ್ಲಿ' ಅಂತ ಬಾಯಿ ಜಾರಿ ಬರೆದುಬಿಟ್ಟೆ. ಅಷ್ಟಕ್ಕೇ ಇಷ್ಟೊಂದು ಪತ್ರ ಬಂದಿವೆ. ಹಾಗಾಗಿ ಈ 2025ರ ನವೆಂಬರ್ ಅಂಕಣದಲ್ಲಿ ಆಟದ್ದೇ ಮಾತು. ಉಪ್ಪಿನಕಾಯಿಯವರು ಕ್ಷಮಿಸಬೇಕು.

ಹೊಸಬರಿಗೆ ಎರಡು ಮಾತು. ನಾನು ಭದ್ರಾವತಿಯವಳು. ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲಿದ್ದರು. 1997ರ ಜನವರಿಯಲ್ಲಿ ಮನೆಯವರ ಕಾರು ಕಂಪನಿ ಕೆಲಸದ ಹಿಂದೆ ಅಮೆರಿಕದ ಮಿಶಿಗನ್ ರಾಜ್ಯಕ್ಕೆ ಬಂದೆ. ಮನೆ ಇರುವುದು ಡೆಟ್ರಾಯ್ಟ್ ಪಕ್ಕದ ಟ್ರಾಯ್‌ನಲ್ಲಿ. ಆಟದ ಹುಚ್ಚು ಇರೋದು ನನಗೆ. ಮನೆಯವರು ಆಟ ಶುರುವಾಗುತ್ತಿದ್ದಂತೆ ಗ್ಯಾರೇಜಿಗೆ ಹೋಗಿ ಏನೋ ಒಂದು ಬಿಚ್ಚಿಕೊಂಡು ಕೂರುತ್ತಾರೆ.

ಪ್ರ: ನಮ್ಮ ಕೊಡಗಿನಲ್ಲಿ ಮನೆಮನೆಗೂ ಹಾಕಿ ಸ್ಟಿಕ್ ಇದೆ. ನಿಮ್ಮ ಐಸ್ ಹಾಕಿಯನ್ನೂ ಹಾಕಿ ಅನ್ನಬಹುದಾ? – ವಿರಾಜಪೇಟೆಯ ಓದುಗರು

ಕೊಡಗಿನವರು ಹೀಗೆ ಕೇಳಿದರೆ ಸ್ವಲ್ಪ ತಗ್ಗಿ ಬಗ್ಗಿಯೇ ಉತ್ತರಿಸಬೇಕು. ಗಣೇಶ್, ಸೋಮಯ್ಯ, ಗೋವಿಂದ ಅವರಂಥ ಹಾಕಿ ಆಟಗಾರರ ಊರು ನಿಮ್ಮದು.

ಹೆಸರೊಂದೇ, ಆದರೆ ಆಟ ಬೇರೆ. ನಿಮ್ಮದರಲ್ಲಿ ಸ್ಟಿಕ್ಕಿನ ಚಪ್ಪಟೆ ಬದಿಯಲ್ಲಿ ಮಾತ್ರ ಹೊಡೆಯಬೇಕು. ಇಲ್ಲಿ ಎರಡೂ ಬದಿ ನಡೆಯುತ್ತದೆ. ಚೆಂಡಿನ ಬದಲು 'ಪಕ್' ಅನ್ನುವ ರಬ್ಬರ್ ಬಿಲ್ಲೆ. ಮೂರು ಇಂಚು ಅಗಲ, ಒಂದು ಇಂಚು ದಪ್ಪ, ತೂಕ ಹೆಚ್ಚುಕಮ್ಮಿ ಕ್ರಿಕೆಟ್ ಚೆಂಡಿನಷ್ಟೇ. ಪುಟಿಯದಿರಲಿ ಅಂತ ಅದನ್ನು ಆಟಕ್ಕೆ ಮುಂಚೆ ಫ್ರೀಜರಿನಲ್ಲಿಟ್ಟು ಕಲ್ಲು ಮಾಡುತ್ತಾರೆ. ಅಂಥದ್ದು ಗಂಟೆಗೆ 150 ಕಿ.ಮೀ. ದಾಟಿ ಹಾರಿ ಬರುತ್ತದೆ. ಗೋಲಿ, ಅಂದರೆ ಗೋಲ್ ಕೀಪರ್, ಬೇಕಂತಲೇ ಮೈ ಒಡ್ಡುತ್ತಾನೆ.

ಗೋಲಿಯೂ ಸೇರಿ ಒಂದು ಕಡೆಗೆ ಆರೇ ಜನ. ಸುತ್ತ ಹಲಗೆಯ ಗೋಡೆ. ಹೊರಗೆ ಹೋಗೋದು ಅನ್ನೋದೇ ಕಮ್ಮಿ. ಬಿಲ್ಲೆಯೂ ಗೋಡೆಗೆ ಬಡಿಯುತ್ತದೆ, ಆಟಗಾರನೂ ಬಡಿಯುತ್ತಾನೆ. ಮೈಗೆ ಮೈ ಗುದ್ದುವುದು ಇಲ್ಲಿ ಫೌಲ್ ಅಲ್ಲ, ಕಲೆ. ಒಬ್ಬ ಮುಕ್ಕಾಲು ನಿಮಿಷ ಆಡಿದ ಅಂದರೆ ಉಸಿರು ಕಟ್ಟಿ ಬೆಂಚಿಗೆ ಬರುತ್ತಾನೆ, ಇನ್ನೊಬ್ಬ ಗೋಡೆ ಹಾರಿ ಇಳಿಯುತ್ತಾನೆ. ಆಟ ಮಾತ್ರ ನಿಲ್ಲುವುದಿಲ್ಲ. ನನಗೆ ಮೊದಲು ಹಿಡಿಸಿದ್ದೇ ಅದು. ನಮ್ಮ ಕಾರ್ಖಾನೆಯ ಶಿಫ್ಟ್ ಹಾಗೆ. ಇಲ್ಲೂ ಅದನ್ನು 'ಶಿಫ್ಟ್' ಅಂತಲೇ ಕರೆಯುತ್ತಾರೆ!

ಒಂದು ವಿಷಯದಲ್ಲಿ ಮಾತ್ರ ನಿಮ್ಮ ಕೊಡವ ಹಾಕಿ ನಮ್ಮೆಯೇ (ಹಾಕಿ ಹಬ್ಬ) ಮೇಲು. 1997ರಲ್ಲಿ ಕರಡದಲ್ಲಿ ಶುರುವಾಗಿದ್ದಲ್ವಾ? ಅಲ್ಲಿ ತಂಡ ಅಂದರೆ ಮನೆತನ. ಜಾಸ್ತಿ ದುಡ್ಡು ಸಿಗುತ್ತೆ ಅಂತ ಪಕ್ಕದ ಮನೆತನಕ್ಕೆ ಜಿಗಿಯೋಕಾಗಲ್ಲ. ಈ ಮಾತಿಗೆ ಆಮೇಲೆ ಬರುತ್ತೇನೆ.

ಪ್ರ: ಯೂಟ್ಯೂಬಿನಲ್ಲಿ ನೋಡಿದೆ ಅಕ್ಕಾ. ಆಟಗಾರರು ಗ್ಲೌಸ್ ಬಿಸಾಕಿ ಹೊಡೆದಾಡುತ್ತಾರೆ, ಅಂಪೈರ್ ಪಕ್ಕದಲ್ಲಿ ಸುಮ್ನೆ ನಿಂತಿರುತ್ತಾನೆ. ಇದೆಂಥ ಆಟ? – ಡಿಗ್ರಿ ವಿದ್ಯಾರ್ಥಿ, ದಾವಣಗೆರೆ

ಸುಮ್ನೆ ನಿಂತಿರೋದಿಲ್ಲ ತಮ್ಮಾ, ಕಾಯುತ್ತಿರುತ್ತಾನೆ. ಇಬ್ಬರಲ್ಲೊಬ್ಬ ಬಿದ್ದ ಕೂಡಲೇ ಬಿಡಿಸುತ್ತಾರೆ. ಆಮೇಲೆ ಇಬ್ಬರಿಗೂ ಐದೈದು ನಿಮಿಷ ಗಾಜಿನ ಗೂಡಿನಲ್ಲಿ ಕೂರುವ ಶಿಕ್ಷೆ. ಶಾಲೆಯಲ್ಲಿ ಬೆಂಚಿನ ಮೇಲೆ ನಿಲ್ಲಿಸಿದ ಹಾಗೆ.

ನಾನು ಬಂದ ಎರಡೇ ತಿಂಗಳಿಗೆ, 1997ರ ಮಾರ್ಚ್ 26ರಂದು, ನಮ್ಮ ಡೆಟ್ರಾಯ್ಟ್ ರೆಡ್ ವಿಂಗ್ಸ್ ಮತ್ತು ಕೊಲೊರಾಡೊ ಅವಲಾಂಚ್ ತಂಡಗಳ ಮಧ್ಯೆ ದೊಡ್ಡ ಕಾಳಗವೇ ಆಯಿತು. ಅದಕ್ಕೆ ಹಳೇ ಲೆಕ್ಕವಿತ್ತು. ಹಿಂದಿನ ವರ್ಷ ಕೊಲೊರಾಡೊದ ಕ್ಲಾಡ್ ಲೆಮ್ಯೂ ಹಿಂದಿನಿಂದ ಗುದ್ದಿ ನಮ್ಮ ಕ್ರಿಸ್ ಡ್ರೇಪರ್‌ನ ದವಡೆ, ಮೂಗು, ಕೆನ್ನೆ ಮೂಳೆ ಮುರಿದಿದ್ದ. ಆ ರಾತ್ರಿ ಡ್ಯಾರೆನ್ ಮೆಕಾರ್ಟಿ ಅವನನ್ನು ಹಿಡಿದುಕೊಂಡ. ಎರಡೂ ಕಡೆಯ ಗೋಲಿಗಳೂ ನಡುವಿಗೆ ಬಂದು ಗುದ್ದಾಡಿದರು. ಕೊನೆಗೆ ಓವರ್‌ಟೈಮಿನಲ್ಲಿ ಗೆಲುವಿನ ಗೋಲು ಹೊಡೆದವನೂ ಅದೇ ಮೆಕಾರ್ಟಿ. 6-5. ಪಕ್ಕದ ಮನೆಯ ಅಜ್ಜಿ ಸೋಫಾ ಮೇಲೆ ನಿಂತು ಕುಣಿದರು. ಆಕೆಗೆ ಆಗಲೇ ಎಪ್ಪತ್ತು. ನಾನೂ ಚಪ್ಪಾಳೆ ಹೊಡೆದೆ. ಸುಳ್ಳು ಯಾಕೆ ಹೇಳಲಿ.

ಈಗ ಹೊಡೆಯಲ್ಲ. ಹೊಡೆದಾಟಕ್ಕೇ ಅಂತ ಇದ್ದ ಆಟಗಾರರಲ್ಲಿ ಒಬ್ಬ ಡೆರೆಕ್ ಬೂಗಾರ್ಡ್. 2011ರಲ್ಲಿ ತೀರಿಕೊಂಡಾಗ ಅವನಿಗಿನ್ನೂ 28 ವರ್ಷ. ಮಿದುಳು ಪರೀಕ್ಷೆ ಮಾಡಿದರೆ ಮತ್ತೆ ಮತ್ತೆ ಏಟು ಬಿದ್ದವರಿಗೆ ಬರುವ ಕಾಯಿಲೆ ಇತ್ತು. ಈಗ ಹೊಡೆದಾಟ ಕಮ್ಮಿಯಾಗಿದೆ. ಕಮ್ಮಿಯಾದ ಮೇಲೆ ಆಟ ಚೆನ್ನಾಗಿಯೇ ಇದೆ.

ಪ್ರ: ನಿಮ್ಮೂರಿನಲ್ಲಿ ಮೈದಾನಕ್ಕೆ ಆಕ್ಟೋಪಸ್ ಎಸೆಯುತ್ತಾರಂತೆ, ನಿಜವೇ? – ಉಡುಪಿಯ ಗೃಹಿಣಿ

ನಿಜ. ಈ ಪ್ರಶ್ನೆ ಕರಾವಳಿಯಿಂದಲೇ ಬಂದಿದ್ದು ಸರಿಯಾಗಿದೆ. ನಿಮಗಾದರೆ ಮೀನು ಮಾರ್ಕೆಟ್ಟಿನ ವಾಸನೆ ಗೊತ್ತು. ನಾನು ಪುಳಿಚಾರು ಮನೆತನದವಳು.

ಕಥೆ ಇದು. 1952ರಲ್ಲಿ ಐಸ್ ಹಾಕಿಯ ದೊಡ್ಡ ಟ್ರೋಫಿ ಸ್ಟ್ಯಾನ್ಲಿ ಕಪ್ ಗೆಲ್ಲೋಕೆ ಎಂಟು ಪಂದ್ಯ ಗೆದ್ದರೆ ಸಾಕಿತ್ತು. ಎರಡು ಸುತ್ತು, ಸುತ್ತಿಗೆ ನಾಲ್ಕು. ಡೆಟ್ರಾಯ್ಟ್‌ನ ಈಸ್ಟರ್ನ್ ಮಾರ್ಕೆಟ್ಟಿನಲ್ಲಿ ಮೀನಂಗಡಿ ಇಟ್ಟಿದ್ದ ಕುಸಿಮಾನೊ ಅಣ್ಣತಮ್ಮಂದಿರು 'ಎಂಟು ಕಾಲು, ಎಂಟು ಗೆಲುವು' ಅಂತ ಲೆಕ್ಕ ಹಾಕಿ ಏಪ್ರಿಲ್ 15ರಂದು ಒಂದು ಆಕ್ಟೋಪಸ್ ಎಸೆದರು. ಆ ವರ್ಷ ರೆಡ್ ವಿಂಗ್ಸ್ ಒಂದೂ ಸೋಲದೆ ಎಂಟಕ್ಕೆ ಎಂಟೂ ಗೆದ್ದಿತು. ಅಷ್ಟಾದ ಮೇಲೆ ಕೇಳಬೇಕಾ. ಹರಕೆ ಕಾಯಂ ಆಯಿತು. ಈಗ ನಾಲ್ಕು ಸುತ್ತು, ಹದಿನಾರು ಗೆಲುವು ಬೇಕು. ಲೆಕ್ಕದ ಪ್ರಕಾರ ಎರಡು ಆಕ್ಟೋಪಸ್ ಎಸೆಯಬೇಕು ಅಂತ ನಾನು ಯಾವಾಗಲೂ ವಾದ ಮಾಡುತ್ತೇನೆ.

ನಾನು ಹತ್ತಿರದಿಂದ ನೋಡಿದ್ದು 2002ರ ಪ್ಲೇಆಫ್‌ನಲ್ಲಿ. ಮನೆಯವರ ಆಫೀಸಿನ ಒಬ್ಬರು ನಮ್ಮ ಜೊತೆ ಕೂತಿದ್ದರು. ಒಳ್ಳೆ ಮನುಷ್ಯ, ಚರ್ಚಿನಲ್ಲಿ ಹಾಡುವವರು. ಆವತ್ತು ಯಾಕೋ ಹೊಟ್ಟೆ ದಪ್ಪ ಕಾಣುತ್ತಿತ್ತು. ಗೋಲು ಬಿದ್ದಿದ್ದೇ ತಡ, ಜೆರ್ಸಿ ಎತ್ತಿ ಸೊಂಟಕ್ಕೆ ಸುತ್ತಿದ್ದ ಪ್ಲಾಸ್ಟಿಕ್ ಚೀಲ ಬಿಚ್ಚಿದರು. ಒಳಗೆ ನೇರಳೆ ಬಣ್ಣದ ಮುದ್ದೆ. ಹಸಿಯದನ್ನು ಎಸೆದರೆ ಐಸ್ ಮೇಲೆ ಲೋಳೆ ಅಂಟುತ್ತದೆ, ಅದಕ್ಕೇ ಅರ್ಧ ಗಂಟೆ ಬೇಯಿಸಿ ತಂದಿದ್ದೇನೆ ಅಂತ ನನಗೆ ಅಡುಗೆ ವಿಧಾನ ಬೇರೆ ಹೇಳಿದರು. ಬೀಸಿ ಎಸೆಯುವಾಗ ಒಂದು ಹನಿ ನನ್ನ ಶಾಲಿನ ಮೇಲೆ. ಆ ಶಾಲನ್ನು ಮೂರು ಸಲ ಒಗೆದೆ. ಆದರೆ ನಾವು ಕಪ್ ಗೆದ್ದೆವು. ಶಾಲು ಇನ್ನೂ ಇಟ್ಟುಕೊಂಡಿದ್ದೇನೆ.

ಪ್ರ: ಅಷ್ಟು ದೂರದ ಆಟ ನಿಮಗೆ ಹೇಗೆ ಹತ್ತಿರವಾಯಿತು? – ನಿವೃತ್ತ ಶಿಕ್ಷಕರು, ತೀರ್ಥಹಳ್ಳಿ

ಮೇಷ್ಟ್ರೇ, ಇದಕ್ಕೆ ಸ್ವಲ್ಪ ಜಾಗ ಬೇಕು.

1997ರ ಜೂನ್ 7ರಂದು ರೆಡ್ ವಿಂಗ್ಸ್ ಕಪ್ ಗೆದ್ದಿತು. 1955ರ ನಂತರ ಮೊದಲ ಸಲ. 42 ವರ್ಷ ಕಾದ ಊರು ಅದು. ನನಗೆ ಆಗ ಇಲ್ಲಿ ಯಾರೂ ಗೊತ್ತಿರಲಿಲ್ಲ, ಕೆಲಸ ಇರಲಿಲ್ಲ, ಕಾರು ಓಡಿಸೋಕೂ ಬರುತ್ತಿರಲಿಲ್ಲ. ಬೀದಿಯಲ್ಲಿ ಹೋಗುವವರೆಲ್ಲ ಹಾರ್ನ್ ಹೊಡೆದು ಕೈ ಬೀಸಿದರು. ಈ ದೇಶದಲ್ಲಿ ನನಗೆ ಹಾಗೆ ಕೈ ಬೀಸಿದ್ದು ಅದೇ ಮೊದಲು.

ಆರು ದಿನಕ್ಕೆ ಕೆಟ್ಟ ಸುದ್ದಿ. ಪಾರ್ಟಿ ಮುಗಿಸಿ ಬರುತ್ತಿದ್ದ ಬಾಡಿಗೆ ಲಿಮೊಸಿನ್ ವುಡ್‌ವರ್ಡ್ ಅವೆನ್ಯೂ ರಸ್ತೆಯಲ್ಲಿ ಮರಕ್ಕೆ ಗುದ್ದಿತು. ಒಳಗಿದ್ದವರು ರಷ್ಯದ ಆಟಗಾರರಾದ ವ್ಲಾದಿಮಿರ್ ಕಾನ್‌ಸ್ಟಾಂಟಿನೊವ್, ವ್ಯಾಚೆಸ್ಲಾವ್ ಫೆಟಿಸೊವ್ ಮತ್ತು ತಂಡದ ಮಾಲೀಷಿನವರು ಸೆರ್ಗೈ ಮ್ನಾತ್ಸಕನೊವ್. ಕಾನ್‌ಸ್ಟಾಂಟಿನೊವ್‌ಗೆ ಮಿದುಳಿಗೆ ಪೆಟ್ಟಾಯಿತು. ಮತ್ತೆ ಸ್ಕೇಟ್ ಕಟ್ಟಲಿಲ್ಲ. ಆ ರಸ್ತೆ ನಮ್ಮ ಮನೆಗೆ ದೂರವಲ್ಲ. ದಿನಸಿಗೆ ಹೋಗುವಾಗ ಮರದ ಬುಡದಲ್ಲಿ ಹೂವು, ಜೆರ್ಸಿ, ಮಕ್ಕಳು ಬರೆದ ಚೀಟಿ ರಾಶಿ ಬಿದ್ದಿದ್ದು ಕಂಡೆ. ನಮ್ಮ ಕಡೆ ಕಟ್ಟೆಯ ಮುಂದೆ ಇಟ್ಟ ಹಾಗೆ.

ಮರುವರ್ಷ ಮತ್ತೆ ಕಪ್ ಬಂತು. ಫೈನಲ್ ಸರಣಿಯ ಕೊನೆ ಪಂದ್ಯ ನಡೆದದ್ದು ವಾಷಿಂಗ್ಟನ್‌ನಲ್ಲಿ. ಕಾನ್‌ಸ್ಟಾಂಟಿನೊವ್‌ನನ್ನು ಗಾಲಿಕುರ್ಚಿಯಲ್ಲಿ ಐಸ್ ಮೇಲೆ ಕರೆತಂದರು. ಕ್ಯಾಪ್ಟನ್ ಸ್ಟೀವ್ ಐಸರ್‌ಮನ್ ಕಪ್ಪನ್ನು ಮೊದಲು ಅವನ ತೊಡೆಯ ಮೇಲೆ ಇಟ್ಟ. ಟಿವಿ ಮುಂದೆ ಬೀನ್ಸ್ ಸೋಸುತ್ತಿದ್ದವಳು ನಾನು. ಮುಗಿದಾಗ ನೋಡಿದರೆ ನಾರೆಲ್ಲ ಪಾತ್ರೆಗೆ, ಬೀನ್ಸ್ ಎಲ್ಲ ಕಸಕ್ಕೆ ಹಾಕಿದ್ದೆ.

ಪ್ರ: ಆ ಆಟದಲ್ಲಿ ನಮ್ಮ ದೇಶದವರು ಯಾರಾದರೂ? – ಬೆಳಗಾವಿ

ಭಾರತ ಮೂಲದವರಲ್ಲಿ ಮೊದಲಿಗರು ಕೆನಡಾದ ರಾಬಿನ್ ಬಾವಾ, 1989ರಲ್ಲಿ ವಾಷಿಂಗ್ಟನ್ ತಂಡಕ್ಕೆ ಆಡಿದರು. ಆಮೇಲೆ ಮ್ಯಾನಿ ಮಲ್ಹೋತ್ರಾ, ಜುಝಾರ್ ಖೈರಾ. 2008ರಿಂದ ಕೆನಡಾದಲ್ಲಿ ಪಂಜಾಬಿಯಲ್ಲೂ ಕಾಮೆಂಟರಿ ಬರುತ್ತದೆ. ನನಗೆ ಅರ್ಥವಾಗದಿದ್ದರೂ ಕೇಳುತ್ತೇನೆ, ಅಷ್ಟು ಜೋರಾಗಿ ಹೇಳುತ್ತಾರೆ. ಕನ್ನಡದಲ್ಲಿ ಹೇಳೋಕೆ ನಾನು ತಯಾರಿದ್ದೇನೆ. ಯಾರೂ ಕರೆದಿಲ್ಲ.

ಪ್ರ: ಒಂದು ಕಾಲೇಜಿನ ಪಂದ್ಯಕ್ಕೆ ಲಕ್ಷ ಜನ ಸೇರುತ್ತಾರೆ ಅಂದರೆ ನಂಬೋದು ಹೇಗೆ ಮೇಡಂ? – ಮೈಸೂರು

ನಾನೂ ನಂಬಿರಲಿಲ್ಲ. ಮಗಳು ಮಿಶಿಗನ್ ವಿಶ್ವವಿದ್ಯಾಲಯಕ್ಕೆ ಸೇರಿದ ಮೇಲೆ ಹೋಗಿ ಎಣಿಸಿದ ಹಾಗೆಯೇ ನೋಡಿದೆ.

ಆನ್ ಆರ್ಬರ್ ಊರಿನ ಆ ಸ್ಟೇಡಿಯಂ 1927ರದ್ದು. ಜನ 'ಬಿಗ್ ಹೌಸ್' ಅನ್ನುತ್ತಾರೆ. 1,07,601 ಸೀಟು. ಹೊರಗಿನಿಂದ ನೋಡಿದರೆ ಅಷ್ಟು ದೊಡ್ಡದು ಅನ್ನಿಸಲ್ಲ, ಬಹುಪಾಲು ನೆಲದೊಳಗಿದೆ. ಗೇಟು ದಾಟಿದ ಮೇಲೆ ಕಾಲ ಕೆಳಗೆ ಇದ್ದಕ್ಕಿದ್ದಂತೆ ದೊಡ್ಡ ಕಲ್ಯಾಣಿ ತೆರೆದುಕೊಂಡ ಹಾಗೆ. ಮೆಟ್ಟಿಲು ಮೆಟ್ಟಿಲಿಗೂ ಜನ. 1975ರ ನವೆಂಬರ್‌ನಿಂದ ಅಲ್ಲಿ ಯಾವ ಪಂದ್ಯಕ್ಕೂ ಲಕ್ಷಕ್ಕಿಂತ ಕಮ್ಮಿ ಜನ ಬಂದಿಲ್ಲ. ಕೋವಿಡ್ ವರ್ಷ ಮಾತ್ರ ಬಿಟ್ಟು. ಕೂರೋದು ಉದ್ದನೆಯ ಬೆಂಚು, ನಂಬರ್ ಹಾಕಿದ ಇಷ್ಟೇ ಜಾಗ. ನವೆಂಬರಿನಲ್ಲಿ ಎಲ್ಲರೂ ದಪ್ಪ ಕೋಟು ಹಾಕಿಕೊಂಡು ಬಂದರೆ ಜಾತ್ರೆ ದಿನದ ಬಸ್ಸೇ ಸರಿ.

ಹೆಸರು ಫುಟ್‌ಬಾಲ್, ಆದರೆ ಕಾಲಿನ ಕೆಲಸ ಕಮ್ಮಿ. ನಾಲ್ಕು ಸಲದೊಳಗೆ ಹತ್ತು ಗಜ ಮುಂದೆ ನುಗ್ಗಬೇಕು. ನುಗ್ಗಿದರೆ ಮತ್ತೆ ನಾಲ್ಕು ಅವಕಾಶ, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಇಷ್ಟು ಗೊತ್ತಿದ್ದರೆ ಸಾಕು, ಉಳಿದಿದ್ದು ಪಕ್ಕದವರು ಕಿರುಚುತ್ತಾ ಕಲಿಸುತ್ತಾರೆ. ಬಣ್ಣ ಮೆಕ್ಕೆಜೋಳದ ಹಳದಿ ಮತ್ತು ನೀಲಿ. ದಾವಣಗೆರೆ ತಮ್ಮ ಖುಷಿಪಡಬಹುದು.

ಬೆಳಿಗ್ಗೆಯಿಂದಲೇ ಸ್ಟೇಡಿಯಂ ಎದುರಿನ ಗಾಲ್ಫ್ ಮೈದಾನದಲ್ಲಿ ಕಾರು ನಿಲ್ಲಿಸಿ, ಡಿಕ್ಕಿ ತೆರೆದು ಊಟ. ಅಕ್ಕಪಕ್ಕದ ಮನೆಯವರು ತಮ್ಮ ಅಂಗಳದ ಹುಲ್ಲಿನ ಮೇಲೆ ಕಾರು ನಿಲ್ಲಿಸೋಕೆ ಬಿಟ್ಟು ದುಡ್ಡು ತಗೊಳ್ಳುತ್ತಾರೆ. ಎಲ್ಲರೂ ಮಾಂಸ ಸುಡುತ್ತಿದ್ದರೆ ನಾವು ಪುಳಿಯೋಗರೆ ಡಬ್ಬಿ ತೆಗೆಯುತ್ತೇವೆ. ಮೊದಲ ವರ್ಷ ಪಕ್ಕದ ಕಾರಿನವರು ಮೂಗು ಮುರಿದರು. ಮೂರನೇ ವರ್ಷ ಅವರೇ ತಟ್ಟೆ ಹಿಡಿದುಕೊಂಡು ಬಂದರು.

ಇಲ್ಲೇ ಒಮ್ಮೆ ನನ್ನ ಎರಡೂ ಹುಚ್ಚು ಒಟ್ಟಿಗೆ ಸೇರಿದ್ದವು. 2014ರ ಜನವರಿ 1ರಂದು ಇದೇ ಸ್ಟೇಡಿಯಂ ನಡುವೆ ಐಸ್ ಹಾಸಿ, ರೆಡ್ ವಿಂಗ್ಸ್ ಮತ್ತು ಟೊರಾಂಟೊ ಮೇಪಲ್ ಲೀಫ್ಸ್ ಆಟ ಇಟ್ಟರು. 1,05,491 ಜನ. ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ, ಎಡೆಬಿಡದೆ ಹಿಮ. ಸಾಕ್ಸಿನ ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಕೂತಿದ್ದೆ. ಫ್ಲಾಸ್ಕಿನ ಕಾಫಿ ಮುಚ್ಚಳಕ್ಕೆ ಬಗ್ಗಿಸಿ ಬಾಯಿಗೆ ತರುವಷ್ಟರಲ್ಲಿ ತಣ್ಣಗೆ. ನಮ್ಮ ಸಾಲಿಗೆ ಪಕ್ ಕಾಣುತ್ತಲೇ ಇರಲಿಲ್ಲ. ಕೆಳಗಿನ ಸಾಲಿನವರು ಕೂಗಿದಾಗ ನಾವೂ ಕೂಗಿದೆವು. ಶೂಟೌಟ್‌ನಲ್ಲಿ 3-2ಕ್ಕೆ ಸೋತೆವು. ಅಂಥ ದಿನ ಮತ್ತೆ ಸಿಗಲ್ಲ.

ಪ್ರ: ಒಹಾಯೊ ಕಂಡರೆ ನಿಮಗೆ ಯಾಕಷ್ಟು ಸಿಟ್ಟು? ಪ್ರತಿ ಅಂಕಣದಲ್ಲೂ ಒಂದು ಚುಚ್ಚು ಇರುತ್ತೆ. – ಬೆಂಗಳೂರಿನ ಓದುಗರು

ಪಕ್ಕದ ರಾಜ್ಯದ ಜೊತೆ ಗಡಿ ಜಗಳ ಸ್ವಾಮಿ. ನಮಗೆ ಹೇಳಿಕೊಡಬೇಕಾ?

1835ರಲ್ಲಿ ಟೊಲೀಡೊ ಊರು ಮತ್ತು ಅದರ ಸುತ್ತಿನ ಪಟ್ಟಿ ಯಾರದ್ದು ಅಂತ ಮಿಶಿಗನ್ ಮತ್ತು ಒಹಾಯೊ ಎರಡೂ ದಂಡು ಕಟ್ಟಿಕೊಂಡು ಹೊರಟವು. ಯುದ್ಧ ಅನ್ನುವಂಥದ್ದು ಆಗಲಿಲ್ಲ, ಒಬ್ಬ ಅಧಿಕಾರಿಗೆ ಚಾಕು ತಗುಲಿತು. ಕೊನೆಗೆ ಟೊಲೀಡೊ ಒಹಾಯೊಗೆ ಹೋಯಿತು. ಮಿಶಿಗನ್‌ಗೆ ಸಮಾಧಾನಕ್ಕೆ ಅಂತ ಉತ್ತರದ ಕಾಡು ಕೊಟ್ಟರು. ಆ ಕಾಡಿನಲ್ಲಿ ತಾಮ್ರ, ಕಬ್ಬಿಣ ಸಿಕ್ಕಿತು! ಕಬ್ಬಿಣದ ಊರಿನವಳಾಗಿ ಹೇಳುತ್ತೇನೆ, ವ್ಯಾಪಾರ ನಮಗೇ ಲಾಭ.

ಎರಡೂ ರಾಜ್ಯಗಳ ವಿಶ್ವವಿದ್ಯಾಲಯಗಳು ಫುಟ್‌ಬಾಲ್‌ನಲ್ಲಿ ಮೊದಲು ಎದುರಾಗಿದ್ದು 1897ರಲ್ಲಿ. ಈಗ ನವೆಂಬರ್ ಕೊನೆಯ ಶನಿವಾರ ಅಂದರೆ ಇದೇ. ಬೇರೆ ಹೆಸರಿಲ್ಲ, ಸುಮ್ಮನೆ 'ದ ಗೇಮ್'. ಆ ವಾರ ಕೊಲಂಬಸ್‌ನ ಒಹಾಯೊ ಸ್ಟೇಟ್ ಕ್ಯಾಂಪಸ್ಸಿನಲ್ಲಿ ಬೋರ್ಡುಗಳ ಮೇಲಿನ ಇಂಗ್ಲಿಷ್ 'ಎಂ' ಅಕ್ಷರಕ್ಕೆಲ್ಲ ಕೆಂಪು ಟೇಪಿನಲ್ಲಿ ಕಾಟು ಹಾಕುತ್ತಾರೆ. ಮಿಶಿಗನ್ನಿನ ಎಂ ಅಲ್ವಾ, ಅದಕ್ಕೆ.

ನನ್ನ ಕರ್ಮ ನೋಡಿ. ಮಗಳು ಮೆಚ್ಚಿದ ಹುಡುಗ ಕೊಲಂಬಸ್‌ನವನು. ಕನ್ನಡದವರೇ, ಹಾಸನದ ಕಡೆಯವರು, ಚಿನ್ನದಂಥ ಜನ. ಆದರೆ ಬೀಗರು ಒಹಾಯೊ ಸ್ಟೇಟ್ ಭಕ್ತರು. 2018ರಲ್ಲಿ ಮದುವೆ ಮಾತಾಡುವಾಗ ಪುರೋಹಿತರು 'ನವೆಂಬರ್ ಕೊನೆಯ ಶನಿವಾರ ಒಳ್ಳೆ ಲಗ್ನ ಇದೆ' ಅಂದರು. ನಾನೂ ಬೀಗರೂ ಒಂದೇ ಉಸಿರಿಗೆ 'ಬೇಡ' ಅಂದೆವು. ನಾವಿಬ್ಬರೂ ಒಪ್ಪಿದ ಮೊದಲ ವಿಷಯ ಅದು. ಧನುರ್ಮಾಸಕ್ಕೆ ಮುಂಚೆ, ಡಿಸೆಂಬರ್ ಮೊದಲಲ್ಲಿ ಇಟ್ಟುಕೊಂಡೆವು. ಆ ಸಲದ ಆಟದಲ್ಲಿ 62-39ಕ್ಕೆ ಸೋತೆವು. ಹೆಣ್ಣಿನ ಕಡೆಯವರು ಅಂತ ತಲೆ ತಗ್ಗಿಸಬೇಕಿರಲಿಲ್ಲ, ಅಂಕ ನೋಡಿಯೇ ತಗ್ಗಿತು. ವರಪೂಜೆಗೆ ನಾನು ಕೊಟ್ಟ ಮೈಸೂರ್ ಪಾಕ್ ಡಬ್ಬಿ ಖಾಲಿಯಾಗಿ ವಾಪಸ್ ಬಂತು. ಮುಚ್ಚಳದ ಮೇಲಿನ 'ಎಂ'ಗೆ ಕೆಂಪು ಟೇಪು ಅಂಟಿಸಿದ್ದರು.

2021ರಿಂದ 2024ರವರೆಗೆ ನಾಲ್ಕೂ ಸಲ ನಾವೇ ಗೆದ್ದಿದ್ದೇವೆ. ಇದನ್ನು ಬೀಗರು ಓದಲಿ ಅಂತಲೇ ಬರೆಯುತ್ತಿದ್ದೇನೆ.

ಪ್ರ: ಕಾಲೇಜು ಹುಡುಗರಿಗೂ ಈಗ ಕೋಟಿಗಟ್ಟಲೆ ದುಡ್ಡು ಅಂತೆ. ಆಟ ಹಾಳಾಗಲಿಲ್ಲವೇ? – ಲೆಕ್ಕ ಪರಿಶೋಧಕರು, ಹುಬ್ಬಳ್ಳಿ

ಹಾಳಾಗಿದೆ, ಆದರೆ ನೀವು ಹೇಳುವ ಕಾರಣಕ್ಕಲ್ಲ. ಎಷ್ಟೋ ವರ್ಷ ಲಕ್ಷ ಜನರ ಟಿಕೆಟ್ ದುಡ್ಡು, ಟಿವಿ ದುಡ್ಡು ಎಲ್ಲ ಬಂತು. ಕೋಚ್‌ಗೆ ವರ್ಷಕ್ಕೆ ಲಕ್ಷಗಟ್ಟಲೆ ಡಾಲರ್ ಸಂಬಳ. ಮಂಡಿ ಮುರಿದುಕೊಂಡ ಹುಡುಗನಿಗೆ ಮಾತ್ರ 'ನೀನು ವಿದ್ಯಾರ್ಥಿ, ಫೀಸು ಮಾಫಿ ಇದೆಯಲ್ಲ' ಅನ್ನುತ್ತಿದ್ದರು. 2021ರಲ್ಲಿ ಆಟಗಾರರು ತಮ್ಮ ಹೆಸರು, ಮುಖದ ಜಾಹೀರಾತಿಗೆ ದುಡ್ಡು ಪಡೆಯಬಹುದು ಅಂತಾಯಿತು. 2025ರಿಂದ ಕಾಲೇಜೇ ನೇರವಾಗಿ ಕೊಡಬಹುದು, ಒಂದು ಕಾಲೇಜಿಗೆ ಸುಮಾರು 2 ಕೋಟಿ ಡಾಲರ್ ಮಿತಿ. ದುಡಿದವನಿಗೆ ಕೂಲಿ. ಇದರಲ್ಲಿ ತಪ್ಪೇನಿದೆ?

ಹಾಕಿ ಲೀಗಿನವರು ಅಂಗಡಿ ಅಂತ ಬೋರ್ಡು ಹಾಕಿಕೊಂಡೇ ಅಂಗಡಿ ನಡೆಸುತ್ತಾರೆ. ದುಡ್ಡಿನ ಜಗಳಕ್ಕೆ 2004-05ರ ಇಡೀ ಸೀಸನ್ನೇ ಮುಚ್ಚಿದರು. ಬೈದೆ, ಆದರೆ ಮೋಸ ಹೋದೆ ಅನ್ನಿಸಲಿಲ್ಲ. ಕಾಲೇಜಿನವರು ಮಠ ಅಂತ ಬೋರ್ಡು ಹಾಕಿ ಒಳಗೆ ಅಂಗಡಿ ಇಟ್ಟವರು.

ನನ್ನ ಸಿಟ್ಟು ಬೇರೆ ಕಡೆ ಇದೆ. ದುಡ್ಡಿಗೆ ಜಿಗಿಯುವ ಮಾತಿಗೆ ಆಮೇಲೆ ಬರುತ್ತೇನೆ ಅಂತ ಕೊಡಗಿನವರಿಗೆ ಅಂದಿದ್ದೆನಲ್ಲ, ಅದು ಇದೇ. ನಮ್ಮ ಗುಂಪಿನ ಹೆಸರು 'ಬಿಗ್ ಟೆನ್'. ಅದರಲ್ಲೀಗ ಎಷ್ಟು ಕಾಲೇಜಿವೆ ಗೊತ್ತಾ? ಹದಿನೆಂಟು. ಟಿವಿ ದುಡ್ಡಿಗಾಗಿ 2024ರಲ್ಲಿ ಲಾಸ್ ಏಂಜಲೀಸ್‌ನ ಎರಡು ಕಾಲೇಜು, ಆರೆಗನ್, ವಾಷಿಂಗ್ಟನ್ ಎಲ್ಲ ಬಂದು ಸೇರಿದವು. ಪಕ್ಕದೂರಿನ ಮೇಲೆ ಹಗೆ ಸಾಧಿಸೋಕೆ ಹುಟ್ಟಿದ ಆಟ ಇದು. ಮೂರು ಸಾವಿರ ಕಿ.ಮೀ. ದೂರದವರ ಮೇಲೆ ನಾನು ಏನಂತ ಹಗೆ ಸಾಧಿಸಲಿ? ಅವರ ಮೈಸೂರ್ ಪಾಕ್ ಡಬ್ಬಿ ನನ್ನ ಮನೆಗೆ ಬರಲ್ಲ.

ಇನ್ನೊಂದು. ಮೊದಲೆಲ್ಲ ನಮ್ಮ ಹತ್ತಿರ ಸೋತರೆ ಒಹಾಯೊದವರ ವರ್ಷವೇ ಮುಗಿದಂತೆ. 2024ರಲ್ಲಿ ಅವರ ಮನೆಯಲ್ಲೇ 13-10ಕ್ಕೆ ಸೋಲಿಸಿದೆವು. ಆದರೆ ಆ ವರ್ಷದಿಂದ ಪ್ಲೇಆಫ್‌ಗೆ ಹನ್ನೆರಡು ತಂಡ. ಅವರು ಹಿಂಬಾಗಿಲಿನಿಂದ ಹೋಗಿ ಇಡೀ ದೇಶದ ಚಾಂಪಿಯನ್ ಆಗಿ ಬಂದರು. ಬೀಗರು ಫೋನ್ ಮಾಡಿ 'ಆಟ ನಿಮ್ಮದು, ಕಪ್ ನಮ್ಮದು' ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಪ್ರ: ಟಿವಿ ಆಫ್ ಮಾಡಿ ಎದ್ದು ಹೋಗಿದ್ದು ಉಂಟೇ? – ಸಾಗರ

2015ರ ಅಕ್ಟೋಬರ್ 17. ಎದುರಿಗೆ ನಮ್ಮದೇ ರಾಜ್ಯದ ಇನ್ನೊಂದು ವಿಶ್ವವಿದ್ಯಾಲಯ, ಮಿಶಿಗನ್ ಸ್ಟೇಟ್. ನಾವು 23-21ರಲ್ಲಿ ಮುಂದೆ, ಉಳಿದಿದ್ದು ಹತ್ತು ಸೆಕೆಂಡ್. ಚೆಂಡು ಒದ್ದು ಕಳಿಸಿದರೆ ಮುಗಿಯಿತು. 'ಗೆದ್ವಿ' ಅಂತ ಕೂಗಿ ಕುಕ್ಕರ್ ಆಫ್ ಮಾಡೋಕೆ ಹೋದೆ. ಒದೆಯುವವನ ಕೈಯಿಂದ ಚೆಂಡು ಜಾರಿತು, ಅವರ ಹುಡುಗ ಎತ್ತಿಕೊಂಡು ಓಡಿದ. 27-23. ವಾಪಸ್ ಬಂದವಳು ಟಿವಿ ಮಾತ್ರವಲ್ಲ, ದೀಪವನ್ನೂ ಆರಿಸಿದೆ. ಆವತ್ತಿನಿಂದ ಆಟ ಮುಗಿಯೋವರೆಗೆ ಕುಕ್ಕರ್ ಎಷ್ಟು ಕೂಗಿದರೂ ಏಳಲ್ಲ.

ಪ್ರ: ರೆಡ್ ವಿಂಗ್ಸ್ 2016ರ ನಂತರ 2025ರವರೆಗೂ ಪ್ಲೇಆಫ್ ಮುಖವನ್ನೇ ನೋಡಲಿಲ್ಲ. ಇನ್ನೂ ಯಾಕೆ ನೋಡುತ್ತೀರಿ? – ಮಿಶಿಗನ್ನಿನ ಕನ್ನಡಿಗ

2016ರವರೆಗೆ ಸತತ 25 ಸೀಸನ್ ಹೋಗಿದ್ದೆವು, ಅದನ್ನೂ ಬರೆಯಿರಿ. 2025-26 ತಂಡದ ನೂರನೇ ಸೀಸನ್. ಐಸರ್‌ಮನ್ ಮ್ಯಾನೇಜರ್ ಆಗಿದ್ದು 2019ರಲ್ಲಿ. ಅವರನ್ನು ಬೈಯೋಕೆ ನನಗೆ ಬಾಯಿ ಬರಲ್ಲ. ಬೇರೆ ಯಾರಾದರೂ ಬೈದರೆ ಕಿವಿ ಮಾತ್ರ ಕೊಡುತ್ತೇನೆ.

ಪ್ರ: ಈ ತಿಂಗಳ 29ರಂದು ಮಧ್ಯಾಹ್ನ ಊಟಕ್ಕೆ ಏನು? – ಗ್ಯಾರೇಜಿನಿಂದ ಒಬ್ಬ ಓದುಗರು

ಆವತ್ತು 'ದ ಗೇಮ್', ಹನ್ನೆರಡಕ್ಕೆ ಕಿಕಾಫ್. ಬಿಸಿಬೇಳೆಬಾತ್ ಬೆಳಿಗ್ಗೆಯೇ ಮಾಡಿ ಹಾಟ್‌ಬಾಕ್ಸಿನಲ್ಲಿ ಇಟ್ಟಿರುತ್ತೇನೆ. ಮೊಸರನ್ನ ಫ್ರಿಜ್ಜಿನ ಎರಡನೇ ಅಂತಸ್ತಿನಲ್ಲಿದೆ. ಬೀಗರು ಗುರುವಾರವೇ ಬರುತ್ತಾರೆ, ಅವರಿಗೆ ಮೈಸೂರ್ ಪಾಕ್ ಇದೆ. ಕೆಂಪು ಟೇಪ್ ಎಲ್ಲಿದೆ ಅಂತ ಕೇಳಿದರೆ ಗೊತ್ತಿಲ್ಲ ಅನ್ನಿ.